ಮಹಿಳಾ ಸೂಪರ್‌ಹೀರೋಗಳನ್ನು ಬರೆದವರು: ಹಾಸನದ ಒಂದು ರಸಗ್ರಹಣ ಶಿಬಿರದ ವಿಮರ್ಶೆ

ಹಾಸನದಲ್ಲಿ ಸಿನಿಮಾ ನೋಡಲು ಥಿಯೇಟರ್‌ಗಳಿಗೆ ಕೊರತೆಯಿಲ್ಲ, ನೋಡಿದ್ದರ ಬಗ್ಗೆ ಕೂತು ಮಾತನಾಡಲು ಮಾತ್ರ ಜಾಗ ಕಡಿಮೆ. ಬಿ.ಎಂ. ರಸ್ತೆಗೆ ಹತ್ತಿರದ ಬಡಾವಣೆಯೊಂದರಲ್ಲಿ, ಮನೆಯ ಮಹಡಿಯ ಮೇಲೆ, ಕೆಲವು ಮಹಿಳೆಯರು ಸೇರಿ ಶನಿವಾರ ಸಂಜೆ ನಡೆಸುತ್ತಿರುವ ಚಲನಚಿತ್ರ ರಸಗ್ರಹಣ ಶಿಬಿರ ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ನೀಗಿಸಿದೆ. ಈ ಸಲದ ವಿಷಯ, ಗಂಡಸರು ಬರೆದ ಮಹಿಳಾ ಸೂಪರ್‌ಹೀರೋಗಳು. ಶುಲ್ಕ ₹300, ಅದರಲ್ಲಿ ಕಾಫಿ ಮತ್ತು ಕನ್ನಡದಲ್ಲಿ ಸಿದ್ಧಪಡಿಸಿದ ಝೆರಾಕ್ಸ್ ಪುಸ್ತಿಕೆ ಸೇರಿವೆ. ಇಡೀ ಚಿತ್ರಗಳನ್ನು ತೋರಿಸದೆ ಆಯ್ದ ದೃಶ್ಯಗಳನ್ನಷ್ಟೇ ತೋರಿಸುತ್ತಾರೆ. ಪ್ರೊಜೆಕ್ಟರ್ ಪರವಾಗಿಲ್ಲ, ಕುರ್ಚಿಗಳು ಚೆನ್ನಾಗಿಲ್ಲ.

ಪುಸ್ತಿಕೆಯ ಬಗ್ಗೆ ಮೊದಲು ಹೇಳಬೇಕು, ಏಕೆಂದರೆ ಕೊಟ್ಟ ದುಡ್ಡಿಗೆ ಅದೊಂದೇ ಸಾಕು. ಕ್ಯಾಮೆರಾ ಗಂಡಸಿನ ಕಣ್ಣಾಗಿ ಹೆಣ್ಣನ್ನು ನೋಡುತ್ತದೆ ಎಂದು ಸಿನಿಮಾ ಚಿಂತಕಿ ಲಾರಾ ಮಲ್ವಿ 1975ರಲ್ಲಿ ಮಂಡಿಸಿದ ವಾದವನ್ನೂ, ಇಬ್ಬರು ಹೆಂಗಸರು ಗಂಡಸಿನ ವಿಷಯ ಬಿಟ್ಟು ಬೇರೆ ಏನನ್ನಾದರೂ ಮಾತನಾಡುತ್ತಾರೆಯೇ ಎಂದು ಅಲಿಸನ್ ಬೆಕ್ಡೆಲ್ 1985ರ ತಮ್ಮ ಕಾಮಿಕ್ಸ್‌ನಲ್ಲಿ ಎತ್ತಿದ ಪ್ರಶ್ನೆಯನ್ನೂ, ನಾಯಕನಿಗೆ ಸಿಟ್ಟು ಬರಿಸಲೆಂದೇ ಕೊಲೆಯಾಗುವ ಹೆಣ್ಣುಪಾತ್ರಗಳನ್ನು ಮುಂದೆ ಕಾಮಿಕ್ಸ್ ಲೇಖಕಿಯಾದ ಗೇಲ್ ಸಿಮೋನ್ 1999ರಲ್ಲಿ ಪಟ್ಟಿ ಮಾಡಿದ್ದನ್ನೂ, ಪಿಯುಸಿ ಓದುವ ಹುಡುಗಿಗೂ ಅರ್ಥವಾಗುವ ಹಾಗೆ ವಿವರಿಸಿದ್ದಾರೆ. ಸಿಮೋನ್ ಅವರ ಪಟ್ಟಿಗೆ ಪ್ರೇರಣೆಯಾದದ್ದು 1994ರ ‘ಗ್ರೀನ್ ಲ್ಯಾಂಟರ್ನ್’ ಕಾಮಿಕ್ಸ್‌ನ ಒಂದು ಸಂಚಿಕೆ. ಅದರಲ್ಲಿ ನಾಯಕನ ಗೆಳತಿಯನ್ನು ಕೊಂದು ಫ್ರಿಜ್‌ನಲ್ಲಿ ತುರುಕಲಾಗುತ್ತದೆ.

ಇಂತಹ ಚರ್ಚೆಗಳು ಸಾಮಾನ್ಯವಾಗಿ ಉಡುಪಿನಲ್ಲೇ ಮುಗಿದುಹೋಗುತ್ತವೆ. ಶಿಬಿರದವರು ಉಡುಪನ್ನು ಬೇಗ ದಾಟಿದರು. ಬೇಲೂರಿನ ಮದನಿಕೆಯರ ಚಿತ್ರಗಳನ್ನು ತೋರಿಸಿ, ದರ್ಪಣಸುಂದರಿಯ ಪಕ್ಕದಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯನ್ನಿಟ್ಟು, ಕೈಗೆ ಆಯುಧ ಬಂದರೂ ನಡುವಿನ ಬಳುಕು ನೋಡುವವರಿಗಾಗಿಯೇ ಉಳಿದಿದೆಯಲ್ಲವೇ ಎಂದು ಕೇಳಿದರು. ಶಿಲ್ಪಿಗಳ ಪರವಾಗಿ ವಾದಿಸಲು ನನ್ನಲ್ಲಿ ಮಾತುಗಳಿದ್ದವು, ಆದರೆ ಹೋಲಿಕೆ ಚಿತ್ರಕಥೆಗಳ ಮಟ್ಟಿಗೆ ಸರಿಯಾಗಿಯೇ ಕೂರುತ್ತದೆ: ಪಾತ್ರಕ್ಕೆ ಶಕ್ತಿ ಸಿಕ್ಕಿದೆ, ಅವಳಿಗೆ ಏನು ಬೇಕು ಎಂಬುದನ್ನು ಬರೆದವರು ಯೋಚಿಸಿಲ್ಲ. 2004ರ ‘ಕ್ಯಾಟ್‌ವುಮನ್’ ಇದಕ್ಕೆ ಸುಲಭದ ಉದಾಹರಣೆ. ಚಿತ್ರಕಥೆಗೆ ಹೆಸರು ಹಾಕಿಸಿಕೊಂಡ ಮೂವರೂ ಗಂಡಸರು. ಅವರು ನಾಯಕಿಗೆ ಹುಡುಕಿಕೊಟ್ಟ ಶತ್ರು ಒಂದು ಸೌಂದರ್ಯವರ್ಧಕ ಕಂಪನಿಯ ಮುಖಕ್ಕೆ ಹಚ್ಚುವ ಕ್ರೀಮು. ಇದಕ್ಕಿಂತ ಹೆಚ್ಚು ಸಮಯವನ್ನು ಆ ಚಿತ್ರಕ್ಕೆ ಕೊಡದಿದ್ದದ್ದು ಒಳ್ಳೆಯದಾಯಿತು.

ಶಿಬಿರದ ಜೀವಾಳ ಇದ್ದದ್ದು 2015ರ ‘ಅವೆಂಜರ್ಸ್: ಏಜ್ ಆಫ್ ಅಲ್ಟ್ರಾನ್’ನ ಒಂದೇ ದೃಶ್ಯದಲ್ಲಿ. ಬರೆದು ನಿರ್ದೇಶಿಸಿದವರು ಜಾಸ್ ವೀಡನ್. ಹಳ್ಳಿಮನೆಯ ಕೋಣೆಯಲ್ಲಿ ನತಾಶಾ ರೊಮನಾಫ್ ಎಂಬ ಗೂಢಚಾರಿಣಿ ತಾನು ಮೆಚ್ಚಿದ, ಸಿಟ್ಟು ಬಂದರೆ ಹಲ್ಕ್ ಎಂಬ ದೈತ್ಯನಾಗುವ ವಿಜ್ಞಾನಿ ಬ್ಯಾನರ್ ಎದುರು ಬಾಲ್ಯದ ತರಬೇತಿಯ ಕಥೆ ಹೇಳುತ್ತಾಳೆ. ತರಬೇತಿ ಮುಗಿದಾಗ ತನಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿದರು ಎಂದು ತಿಳಿಸಿ, ಅದೇ ಉಸಿರಿನಲ್ಲಿ, ಈ ತಂಡದಲ್ಲಿ ರಾಕ್ಷಸ ನೀನೊಬ್ಬನೇ ಎಂದು ಈಗಲೂ ಅಂದುಕೊಂಡಿದ್ದೀಯಾ ಎಂದು ಕೇಳುತ್ತಾಳೆ. ಅವಳು ಹೇಳಿದ್ದು ಕೊಲ್ಲುವ ಯಂತ್ರವಾದ ತನ್ನ ಬಗ್ಗೆ ಎಂದು ಸಮರ್ಥಿಸುವವರಿದ್ದಾರೆ. ಆದರೆ ಮಾತುಗಳನ್ನು ಜೋಡಿಸಿರುವ ಕ್ರಮದಲ್ಲಿ ರಾಕ್ಷಸತನ ಬಂದು ನಿಲ್ಲುವುದು ಗರ್ಭಕೋಶದ ಮೇಲೆಯೇ. ಬ್ಯಾನರ್ ಪ್ರಯೋಗದಿಂದ ಹಲ್ಕ್ ಆದವನು, ತಂಡದ ಇನ್ನೊಬ್ಬ ಸ್ಟಾರ್ಕ್ ತನ್ನ ಅಹಂಕಾರದಿಂದ ಅಲ್ಟ್ರಾನ್ ಎಂಬ ವಿನಾಶಕಾರಿ ಯಂತ್ರವನ್ನು ಸೃಷ್ಟಿಸಿದವನು. ಗಂಡಸರ ತಪ್ಪು ಅವರು ಮಾಡಿದ ಕೆಲಸದಲ್ಲಿದೆ, ಹೆಣ್ಣಿನದು ಅವಳ ದೇಹದಲ್ಲಿದೆ.

ದೃಶ್ಯ ನಿಲ್ಲಿಸಿದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, “ಕೊಂದವರನ್ನ ನೆನೆಸ್ಕೊಂಡು ಅಳ್ಲಿ, ಬೇಡ ಅನ್ನಲ್ಲ. ಬಸಿರು ನಿಲ್ಲದಿದ್ದಕ್ಕೆ ಯಾಕವ್ವ ರಾಕ್ಷಸಿ ಆಗ್ಬೇಕು?” ಎಂದರು. ಸೀಮಂತಕ್ಕೆ ಕರೆಯದೆ ಬಿಟ್ಟ, ತೊಟ್ಟಿಲು ತೂಗಲು ಮುಂದೆ ಬರದಂತೆ ಕಣ್ಣಲ್ಲೇ ತಡೆದ ಅನುಭವಗಳನ್ನು ಆನಂತರ ಅಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಹೇಳಿಕೊಂಡರು. ನಿರ್ವಾಹಕಿ ಒಬ್ಬರ ಮಾತನ್ನೂ ತುಂಡರಿಸದೆ ಕೇಳಿ, ಕೊನೆಗೆ ಅದೇ ಸರಣಿಯ 2019ರ ‘ಎಂಡ್‌ಗೇಮ್’ಗೆ ಚರ್ಚೆಯನ್ನು ತಂದರು. ಅದೇ ನತಾಶಾ ಅಲ್ಲಿ ಎಲ್ಲರಿಗಾಗಿ ಪ್ರಾಣ ಕೊಡುತ್ತಾಳೆ. ಗೆಳೆಯರು ಕೆರೆಯಂಚಿನಲ್ಲಿ ಸ್ವಲ್ಪ ಹೊತ್ತು ದುಃಖಿಸಿ ಕೆಲಸಕ್ಕೆ ಮರಳುತ್ತಾರೆ, ಸ್ಟಾರ್ಕ್‌ಗಾದರೋ ಇಡೀ ಬಳಗ ಸೇರಿದ ಅಂತ್ಯಕ್ರಿಯೆ. ಆ ಚಿತ್ರಕಥೆಯನ್ನು ಬರೆದವರೂ ಇಬ್ಬರು ಗಂಡಸರು.

ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ಗಂಡಸು ಬರೆದರೆ ಹೀಗೆಯೇ, ಹೆಣ್ಣು ಬರೆದರೆ ಸರಿ ಎಂಬ ತೀರ್ಮಾನಕ್ಕೆ ಪುಸ್ತಿಕೆ ಅವಸರದಿಂದ ಬರುತ್ತದೆ, ಆದರೆ ಅವರೇ ಆರಿಸಿದ ದೃಶ್ಯಗಳು ಅದನ್ನು ಒಪ್ಪುವುದಿಲ್ಲ. 1941ರಲ್ಲಿ ವಂಡರ್ ವುಮನ್ ಪಾತ್ರವನ್ನು ಸೃಷ್ಟಿಸಿದ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಗಂಡಸು. 2017ರ ಚಿತ್ರವನ್ನು ಪ್ಯಾಟಿ ಜೆಂಕಿನ್ಸ್ ನಿರ್ದೇಶಿಸಿದರೂ ಚಿತ್ರಕಥೆ ಅಲನ್ ಹೈನ್‌ಬರ್ಗ್ ಅವರದು. ಮೊದಲ ಮಹಾಯುದ್ಧದ ಕಂದಕದಲ್ಲಿ ಮಗುವನ್ನು ಎತ್ತಿಕೊಂಡ ತಾಯಿಯ ಮಾತು ಕೇಳಿ, ಆಗದ ಕೆಲಸ ಎಂದು ಪ್ರಿಯಕರ ಸ್ಟೀವ್ ತಡೆದರೂ ಡಯಾನಾ, ಅಂದರೆ ವಂಡರ್ ವುಮನ್, ಏಣಿ ಹತ್ತಿ ಗುಂಡುಗಳ ನಡುವೆ ನಡೆಯುವ ದೃಶ್ಯದಲ್ಲಿ ತೀರ್ಮಾನ ಪೂರ್ತಿಯಾಗಿ ಅವಳದೇ. ಅದೇ ಚಿತ್ರದ ಕೊನೆಯಲ್ಲಿ ಅವಳ ಪೂರ್ಣಶಕ್ತಿ ಹೊರಬರಲು ಸ್ಟೀವ್ ಸಾಯಬೇಕಾಗುತ್ತದೆ ಎಂಬುದೂ ನಿಜ. ಇನ್ನು 2020ರ ಮುಂದಿನ ಚಿತ್ರಕ್ಕೆ ಜೆಂಕಿನ್ಸ್ ಸ್ವತಃ ಸಹಲೇಖಕಿ; ಅಲ್ಲಿ 1918ರಲ್ಲಿ ಸತ್ತವನಿಗಾಗಿ ಡಯಾನಾ 1984ರಲ್ಲೂ ಹಂಬಲಿಸುತ್ತಿರುತ್ತಾಳೆ. ಅರವತ್ತಾರು ವರ್ಷಗಳಲ್ಲಿ ಆಕೆಗೆ ಬೇರೆ ಆಸೆಯೇ ಹುಟ್ಟಲಿಲ್ಲವೇ ಎಂದು ನಾನು ಕೇಳಿದ್ದಕ್ಕೆ ಸಮಾಧಾನದ ಉತ್ತರ ಸಿಗಲಿಲ್ಲ. ಬರೆಯುವ ಕೈ ಯಾರದೇ ಇರಲಿ, ಅಭ್ಯಾಸವಾದ ಅಚ್ಚು ಒಂದೇ ಎಂಬ ಸಾಧ್ಯತೆಗೆ ಪುಸ್ತಿಕೆಯಲ್ಲಿ ಒಂದು ಪುಟವಾದರೂ ಇರಬೇಕಿತ್ತು.

2025ರ ಮಲಯಾಳಂ ಚಿತ್ರ ‘ಲೋಕಾ’ವನ್ನು ಹತ್ತು ನಿಮಿಷದಲ್ಲಿ ಮುಗಿಸಿದ್ದು ಇನ್ನೊಂದು ಕೊರತೆ. ಗಂಡಸರನ್ನು ಮರುಳು ಮಾಡಿ ಕೊಲ್ಲುವವಳೆಂದು ಐತಿಹ್ಯ ಹೇಳುವ ಯಕ್ಷಿಯನ್ನು ಕಾಪಾಡುವವಳಾಗಿ ಬದಲಿಸಿದ ಈ ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. ನಿರ್ದೇಶಕ ಡೊಮಿನಿಕ್ ಅರುಣ್ ಜೊತೆಗೆ ಬರವಣಿಗೆಯಲ್ಲಿ ಶಾಂತಿ ಬಾಲಚಂದ್ರನ್ ಇದ್ದಾರೆ. ಹಾಗಿದ್ದೂ ಆರಂಭದಲ್ಲಿ ನಾವು ಅವಳನ್ನು ನೋಡುವುದು ಎದುರು ಫ್ಲಾಟಿನ ಹುಡುಗನ ಕಣ್ಣಿನಿಂದಲೇ. ಬೆಂಗಳೂರಿನ ಹುಡುಗಿಯರ ಬಗ್ಗೆ ಅದರಲ್ಲಿದ್ದ ಒಂದು ಸಂಭಾಷಣೆಗೆ ನಿರ್ಮಾಣ ಸಂಸ್ಥೆ ಕನ್ನಡಿಗರ ಕ್ಷಮೆ ಕೇಳಿದ್ದೂ ಚರ್ಚೆಗೆ ಬರಲಿಲ್ಲ. ಕಳ್ಳರನ್ನು ಕಲ್ಲು ಮಾಡಿದಳೆಂದು ಕಥೆಯಿರುವ ಹಾಸನಾಂಬೆಯ ಊರಿನಲ್ಲಿ ಕೂತು ನಮ್ಮ ಕಡೆಯ ಐತಿಹ್ಯಗಳನ್ನು ಮುಟ್ಟದೆ ಬಿಟ್ಟದ್ದು ನನಗೆ ಸರಿ ಕಾಣಲಿಲ್ಲ.

ಶುಲ್ಕಕ್ಕೆ ಮೋಸವಿಲ್ಲ; ಹೈಸ್ಕೂಲು ದಾಟಿದ ಮಕ್ಕಳನ್ನು, ಅದರಲ್ಲೂ ಗಂಡುಮಕ್ಕಳನ್ನು, ಧಾರಾಳವಾಗಿ ಕಳಿಸಬಹುದು. ಬದಲಾಗಬೇಕಾದದ್ದು ವೇಳೆ. ಆರು ಗಂಟೆಗೆ ಶುರುವಾದರೆ ಚರ್ಚೆ ಕಾವೇರುವಷ್ಟರಲ್ಲಿ ಬೇಲೂರು, ಅರಸೀಕೆರೆ ಕಡೆಯ ಹೆಂಗಸರು ಬಸ್ಸಿಗೆಂದು ಎದ್ದು ಹೋಗುತ್ತಾರೆ, ಉಳಿದು ಮಾತನಾಡುವವರು ಬೈಕಿರುವ ಗಂಡಸರು. ಮಧ್ಯಾಹ್ನ ಮೂರಕ್ಕೆ ಆರಂಭಿಸಿ ಎಂದು ಅಭಿಪ್ರಾಯದ ಹಾಳೆಯಲ್ಲಿ ಬರೆದು ಬಂದಿದ್ದೇನೆ.