ಬಿಜಿಎಂಐ ಸ್ಕ್ವಾಡ್: ಒಟ್ಟಿಗೆ ನುಗ್ಗೋದಾ, ಇಬ್ಬಿಬ್ಬರಾಗಿ ಸಾಗೋದಾ, ಬದಿಯಿಂದ ಸುತ್ತೋದಾ?

ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಮೊಬೈಲ್ ಗುಂಡಿನ ಆಟದಲ್ಲಿ ನಿಮ್ಮದು ನಾಲ್ವರ ತಂಡ (ಸ್ಕ್ವಾಡ್). ಎದುರಿನ ಮನೆಯಲ್ಲಿ ಶತ್ರು, ನಡುವೆ ಬಯಲು. ಯಾವ ದಾರಿ ಹಿಡಿಯಬೇಕು ಎಂಬುದು ನಿಮ್ಮ ಪ್ರಶ್ನೆ.

ವೇಗವೇ ಮುಖ್ಯವಾದರೆ ಒಟ್ಟಿಗೆ ನುಗ್ಗಿ. ಎದುರಿನವರಲ್ಲಿ ಒಬ್ಬ ಆಗಲೇ ನಾಕ್ ಆಗಿದ್ದರೆ, ಅಂದರೆ ಪೂರ್ತಿ ಸಾಯದೆ ನೆಲಕ್ಕೆ ಬಿದ್ದಿದ್ದರೆ, ಇದೇ ಸರಿ. ಅವನನ್ನು ಎಬ್ಬಿಸಲು ಸಮಯ ಕೊಡಬಾರದು ಅಲ್ವಾ? ಉಳಿದ ಹೊತ್ತಿನಲ್ಲಿ ಒಂದೇ ಗ್ರೆನೇಡಿಗೆ ಎಲ್ಲರೂ ಸಿಗುತ್ತೀರಿ.

ಅಪಾಯ ಕಡಿಮೆ ಇರಬೇಕಾದರೆ ಇಬ್ಬಿಬ್ಬರಾಗಿ ಸಾಗುವುದು ಮೇಲು. ಕಾಲಾಳು ಸೈನಿಕರು ಕಲಿಯುವ ಹಳೆಯ ಪಾಠವಿದು. ಇಬ್ಬರು ಮರೆಯಲ್ಲಿದ್ದು ಕಿಟಕಿಯತ್ತ ಗುಂಡು ಹಾರಿಸುತ್ತಿರಬೇಕು, ಇನ್ನಿಬ್ಬರು ಮುಂದಿನ ಮರದವರೆಗೆ ಓಡಬೇಕು. ಆಮೇಲೆ ಅದಲುಬದಲು. ಗುಂಡು ತಾಗದಿದ್ದರೂ ಪರವಾಗಿಲ್ಲ, ಅವರು ತಲೆ ಎತ್ತದಿದ್ದರೆ ಸಾಕು. ಆದರೆ ಗುಂಡು ಜಾಸ್ತಿ ಬೇಕು, ಸಮಯವೂ ಬೇಕು. ಬ್ಲೂ ಜೋನ್ (ಸುತ್ತಲಿಂದ ಕಿರಿದಾಗುತ್ತಾ ಬಂದು, ಸಿಕ್ಕವರಿಗೆ ಪೆಟ್ಟು ಕೊಡುವ ಅಪಾಯದ ವಲಯ) ಬೆನ್ನಟ್ಟುತ್ತಿದ್ದರೆ ಕೈಬಿಡಿ. ಸ್ಮೋಕ್ (ಹೊಗೆ ಗ್ರೆನೇಡ್) ಎಸೆದು ಓಡಿ.

ಬದಿಯಿಂದ ಸುತ್ತುವುದು ನನಗೆ ಇಷ್ಟ. ಮುಂದಿನಿಂದ ಒಂದು ಗುಂಡು, ಪಕ್ಕದಿಂದ ಇನ್ನೊಂದು ಬಂದರೆ ಒಂದೇ ಕಲ್ಲಿನ ಮರೆ ಎರಡನ್ನೂ ತಡೆಯಲಾರದು. ಆಟದ ಎರಾಂಗೆಲ್ ಮ್ಯಾಪ್‌ನ ಗುಡ್ಡ, ಮರಗಳ ನಡುವೆ ಇದು ಸಲೀಸು. ಮಿರಾಮಾರ್ ಮ್ಯಾಪ್‌ನ ಬರಡು ಬಯಲಲ್ಲಿ ಸುತ್ತುವವನು ದೂರದಿಂದಲೇ ಕಾಣುತ್ತಾನೆ. ಅವನು ನಾಕ್ ಆದರೆ ಎಬ್ಬಿಸಲು ಹತ್ತಿರ ಯಾರೂ ಇರುವುದಿಲ್ಲ.

ಇನ್ನು ಮಾತುಕತೆ. ಮೈಕ್ ಇಲ್ಲದ ಅಪರಿಚಿತರ ಜೊತೆ ಆಡುವಾಗ ಸುತ್ತುವ ಸಾಹಸ ಬೇಡ, ಜೋಡಿಯಾಗಿರಿ. ದಿನಾ ಜೊತೆಗೆ ಆಡುವ ಗೆಳೆಯರಾದರೆ ಒಬ್ಬರನ್ನು ಧೈರ್ಯವಾಗಿ ಬದಿಗೆ ಕಳಿಸಿ. ಅವರು ಜಾಗ ತಲುಪುವವರೆಗೂ ಉಳಿದ ಮೂವರು ಗುಂಡು ನಿಲ್ಲಿಸಬಾರದು, ಅಷ್ಟೇ.