ಕಾಲೇಜಿಗೆ ವೈಫೈ ಹಾಕಿಸ್ತಿದ್ದೀರಾ? ಕೊನೇ ಪೇಮೆಂಟ್ ಕೊಡೋಕೆ ಮುಂಚೆ ಇದನ್ನ ಓದಿ

ಯಾವ್ದಾದ್ರೂ ಕಾಲೇಜಲ್ಲಿ ಸಿಸ್ಟಮ್ ಅಡ್ಮಿನ್ ಆಗಿರೋರು, ಲ್ಯಾಬ್ ನೋಡ್ಕೊಳ್ತಾ ಜೊತೆಗೆ ನೆಟ್‌ವರ್ಕ್ ಜವಾಬ್ದಾರಿನೂ ಹೊತ್ಕೊಂಡಿರೋರು ಇದ್ರೆ ದಯವಿಟ್ಟು ಪೂರ್ತಿ ಓದಿ, ಉದ್ದ ಇದೆ, ಆದ್ರೂ ಓದಿ. ಕ್ಯಾಂಪಸ್‌ಗೆಲ್ಲಾ ವೈಫೈ ಹಾಕಿಸೋಕೆ ಹೋಗಿ ನಾವು ದುಡ್ಡೂ ಕಳ್ಕೊಂಡ್ವಿ, ಒಂದು ಸೆಮಿಸ್ಟರ್ ಮಕ್ಕಳಿಗೂ ತೊಂದ್ರೆ ಆಯ್ತು. ವೆಂಡರ್ ಹೆಸರು ಹೇಳಲ್ಲ, ಕಾಲೇಜಿಂದೂ ಹೇಳಲ್ಲ. ಮಲೆನಾಡಿನ ಅಂಚಲ್ಲಿರೋ ಒಂದು ಇಂಜಿನಿಯರಿಂಗ್ ಕಾಲೇಜು, ಅಷ್ಟು ಸಾಕು.

ಕಾಲೇಜಿನ ಗುಣಮಟ್ಟ ನೋಡೋ ನ್ಯಾಕ್ ಟೀಮ್ ಬರೋದಿತ್ತು, ಅಷ್ಟರೊಳಗೆ ಮುಗೀಬೇಕು ಅಂತ ಮ್ಯಾನೇಜ್‌ಮೆಂಟ್‌ಗೆ ಆತುರ. ಮೂರು ಕೊಟೇಶನ್ ತರಿಸಿದ್ವಿ. ಮೂರನ್ನೂ ಪಕ್ಕಪಕ್ಕ ಇಟ್ಕೊಂಡು ಮೀಟಿಂಗಲ್ಲಿ ನೋಡಿದ್ದು ಎರಡೇ ವಿಷಯ, ವೈಫೈ ಸಿಗ್ನಲ್ ಬಿಡೋ ಡಬ್ಬಿ, ಅಂದ್ರೆ ಆಕ್ಸೆಸ್ ಪಾಯಿಂಟ್ (ಎಪಿ) ಎಷ್ಟು ಕೊಡ್ತಾರೆ, ಒಂದಕ್ಕೆ ಎಷ್ಟು ರೇಟು. ಎಲ್ಲಿ ಹಾಕ್ತಾರೆ, ಯಾವ ಕೇಬಲ್ ಎಳೀತಾರೆ, ಕೆಲಸ ಸರಿಯಾಗಿದೆ ಅಂತ ಹೆಂಗೆ ತೋರಿಸ್ತಾರೆ, ಇದನ್ನ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ.

ಕಮ್ಮಿ ರೇಟು ಹಾಕಿದ್ದೋರ ಕಡೆಯಿಂದ ಒಬ್ಬ ಹುಡುಗ ಬಂದ, ಅರ್ಧ ಗಂಟೆ ಓಡಾಡಿದ, ಬಿಲ್ಡಿಂಗ್ ಪ್ಲಾನಿನ ಪಿಡಿಎಫ್ ಇಸ್ಕೊಂಡು ಹೋದ. ಮೂರನೇ ದಿನಕ್ಕೆ ಎಲ್ಲಿ ಸಿಗ್ನಲ್ ಹೆಂಗಿರುತ್ತೆ ಅಂತ ಬಣ್ಣದಲ್ಲಿ ತೋರಿಸೋ ಹೀಟ್ ಮ್ಯಾಪ್ ಬಂತು, ಮೂಲೆಮೂಲೆನೂ ಹಸಿರು, ಅಂದ್ರೆ ಸಿಗ್ನಲ್ ಚೆನ್ನಾಗಿದೆ ಅಂತ. ಅದನ್ನ ನೋಡೇ ಎಲ್ರೂ ಒಪ್ಪಿದ್ದು. ಆಮೇಲೆ ನನಗೆ ಗೊತ್ತಾಗಿದ್ದು ಏನಂದ್ರೆ, ಆ ಮ್ಯಾಪ್ ಮಾಡೋ ಸಾಫ್ಟ್‌ವೇರಿಗೆ ಯಾವ ಗೋಡೆ ಯಾವುದರಿಂದ ಕಟ್ಟಿದ್ದು ಅಂತ ನಾವೇ ಹೇಳ್ಬೇಕು, ಅವನು ಎಲ್ಲಾ ಗೋಡೆನೂ ಆಫೀಸ್ ಪಾರ್ಟಿಷನ್ ಥರದ ತೆಳ್ಳನೆ ಬೋರ್ಡು ಅಂತ ಕೊಟ್ಟುಬಿಟ್ಟಿದ್ದ. ನಮ್ಮ ಹಳೇ ಬ್ಲಾಕು ಸೈಜುಗಲ್ಲಿಂದು, ಗೋಡೆ ಒಂದೂವರೆ ಅಡಿ ದಪ್ಪ ಇದೆ! ಸಿಗ್ನಲ್ ಎಷ್ಟು ಕಮ್ಮಿ ಆಯ್ತು ಅಂತ ಡೆಸಿಬಲಲ್ಲಿ (ಡಿಬಿ) ಅಳೀತಾರೆ, 3 ಡಿಬಿ ಕಮ್ಮಿ ಆದ್ರೆ ಸಿಗ್ನಲ್ ಪವರ್ ಅರ್ಧ, 10 ಡಿಬಿ ಕಮ್ಮಿ ಆದ್ರೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತೆ. ಬೋರ್ಡು ಸುಮಾರು 3 ಡಿಬಿ ತಿಂದ್ರೆ ಇಂಥ ಕಲ್ಲುಗೋಡೆ ಅದರ ಎಷ್ಟೋ ಪಟ್ಟು ತಿನ್ನುತ್ತೆ, ಅದರಲ್ಲೂ ವೈಫೈ ಬಳಸೋ 2.4, 5 ಗಿಗಾಹರ್ಟ್ಸ್ ಎರಡು ಬ್ಯಾಂಡಲ್ಲಿ 5ರ ಸಿಗ್ನಲ್ಲಿಗೆ 2.4ಕ್ಕಿಂತ ಜಾಸ್ತಿ ಏಟು.

ಅವರು ಎಪಿ ಎಲ್ಲಾ ಕಾರಿಡಾರಲ್ಲಿ ಹಾಕಿದ್ರು. ಕ್ಲಾಸ್ ರೂಮಿನ ಗೋಡೆ ತೂತು ಮಾಡ್ಬೇಕಿಲ್ಲ, ಕೇಬಲ್ ಕಮ್ಮಿ ಹೋಗುತ್ತೆ, ಒಂದೇ ಲೈನಲ್ಲಿ ನೋಡೋಕೂ ಚೆಂದ. ಆದ್ರೆ ಉದ್ದ ಕಾರಿಡಾರಲ್ಲಿ ಎದುರುಬದುರು ಅಡ್ಡ ಏನೂ ಇರಲ್ಲ, ಒಂದು ಎಪಿ ಕೂಗಿದ್ದು ಸಾಲಲ್ಲಿರೋ ಆರು ಎಪಿಗೂ ಕೇಳುತ್ತೆ, ಯಾರು ಕೇಳಿಸ್ಕೋಬೇಕೋ ಆ ಮಕ್ಕಳು ಮಾತ್ರ ಕಲ್ಲುಗೋಡೆ ಆಚೆ ಕೂತಿರ್ತಾರೆ. 2.4ರಲ್ಲಿ ಒಂದಕ್ಕೊಂದು ತಾಗದೇ ಇರೋ ಚಾನೆಲ್ ಮೂರೇ, 1, 6, 11. ಒಂದು ಚಾನೆಲಲ್ಲಿ ಒಂದ್ಸಲಕ್ಕೆ ಒಬ್ಬರೇ ಮಾತಾಡ್ಬೇಕು, ಉಳಿದೋರು ಕಾಯ್ಬೇಕು. ಅಂದ್ಮೇಲೆ ಆರು ಎಪಿ ಸಾಲಾಗಿ ಹಾಕಿದ್ರೂ ಕೆಲಸ ಆಗೋದು ಮೂರರಷ್ಟೇ.

ನಾವು ಮಾಡಿದ ದೊಡ್ಡ ತಪ್ಪು ಟೆಸ್ಟಿಂಗು. ಸೆಮಿಸ್ಟರ್ ರಜೆ, ಕಟ್ಟಡದಲ್ಲಿ ಒಂದು ಪಿಳ್ಳೆನೂ ಇಲ್ಲ. ವೆಂಡರ್ ಕಡೆಯೋರು ಎಪಿ ಕೆಳಗೆ ನಿಂತು ಫೋನಲ್ಲಿ ಸ್ಪೀಡ್ ಟೆಸ್ಟ್ ತೋರಿಸಿದ್ರು, ಸ್ಪೀಡು ಚೆನ್ನಾಗೇ ಬಂತು, ನಾನು ಸೈನ್ ಹಾಕಿದೆ. ನೂರಕ್ಕೆ ತೊಂಬತ್ತು ಭಾಗ ದುಡ್ಡು ಅವತ್ತೇ ಹೋಯ್ತು.

ಕ್ಲಾಸ್ ಶುರುವಾದ್ಮೇಲೆ ಮೊದಲನೇ ಇಂಟರ್ನಲ್ಸ್‌ಗೆ ಒಂದು ಸಬ್ಜೆಕ್ಟಿನ ಕ್ವಿಜ್ ಆನ್‌ಲೈನ್ ಇಟ್ಟಿದ್ರು, 20 ನಿಮಿಷದ್ದು. ಹತ್ತೇ ನಿಮಿಷಕ್ಕೆ ನನಗೆ ಫೋನ್ ಬಂತು. ಹೋಗಿ ನೋಡಿದ್ರೆ ಅರವತ್ತು ಮಕ್ಕಳ ಕ್ಲಾಸಲ್ಲಿ ಅರ್ಧಕ್ಕರ್ಧ ಎದ್ದು ನಿಂತಿದಾರೆ. ಲಾಸ್ಟ್ ಬೆಂಚಿನ ಒಂದು ಹುಡುಗಿ ಕಿಟಕಿ ಸರಳಿನಾಚೆ ಕೈ ಚಾಚಿ ಫೋನ್ ಹಿಡ್ಕೊಂಡು ನಿಂತಿದ್ಲು. ಸ್ಕ್ರೀನ್ ಮೇಲೆ ಸಬ್ಮಿಟ್ ಬಟನ್ ಒತ್ತಿದೆ, ಗುಂಡನೇದು ಸುತ್ತುತಾನೇ ಇದೆ, ಮೇಲ್ಗಡೆ ವೈಫೈ ಪೂರ್ತಿ ಕಡ್ಡಿ. "ಸರ್ ನಾನು ಎಲ್ಲಾ ಮಾಡಿದೀನಿ ಸರ್, ಹೋಗ್ತಾನೇ ಇಲ್ಲ, ಕಡ್ಡಿ ಫುಲ್ ಇದೆ ನೋಡಿ ಸರ್" ಅಂದ್ಲು, ಕಣ್ಣಲ್ಲಿ ನೀರು. ಟೈಮ್ ಮುಗೀತು, ಸೊನ್ನೆ ಬಿತ್ತು. ಮುಂದಿನ ವಾರ ಎಲ್ರಿಗೂ ರೀಟೆಸ್ಟ್ ಮಾಡಿದ್ರು ಸರಿ, ಆದ್ರೆ ಆ ಮಗು ಮುಖ ನನಗೆ ಮರೆಯೋಕಾಗಿಲ್ಲ.

ಕಡ್ಡಿ ಫುಲ್ ಇದ್ದು ನೆಟ್ ಇಲ್ದೇ ಇರೋದು ಹೆಂಗೆ ಅಂತ ಅವತ್ತು ರಾತ್ರಿ ಕೂತು ನೋಡಿದೆ. ಎಲ್ಲಾ ಎಪಿಗೂ ಪವರ್ ಫುಲ್ ಇಟ್ಟಿದಾರೆ. ಎಪಿ ಮೈಕಲ್ಲಿ ಮಾತಾಡ್ತಿದೆ, ಫೋನು ಬರೀ ಬಾಯಲ್ಲಿ ಉತ್ತರ ಕೊಡ್ತಿದೆ, ಎಪಿ ಹೇಳಿದ್ದು ಫೋನಿಗೆ ಕೇಳುತ್ತೆ, ಫೋನ್ ಹೇಳಿದ್ದು ಗೋಡೆ ದಾಟಿ ವಾಪಸ್ ಮುಟ್ಟಲ್ಲ. ಕಡ್ಡಿ ತೋರಿಸೋದು ಕೇಳಿಸಿದ್ದನ್ನ ಮಾತ್ರ. ಇದರ ಮೇಲೆ ಫೋನಲ್ಲಿ ಕಾಣೋ ವೈಫೈ ಹೆಸರು ಐದು, ಅಂದ್ರೆ ಐದು ಎಸ್‌ಎಸ್‌ಐಡಿ, ಸ್ಟೂಡೆಂಟ್ಸ್, ಸ್ಟಾಫ್, ಗೆಸ್ಟ್, ಆಫೀಸ್, ಲ್ಯಾಬ್. ಪ್ರತಿ ಹೆಸರೂ ಸೆಕೆಂಡಿಗೆ ಸುಮಾರು 10 ಸಲ ತಾನಿದ್ದೀನಿ ಅಂತ ಕೂಗುತ್ತೆ, ಅದೂ ಎಲ್ಲಕ್ಕಿಂತ ನಿಧಾನದ ಸ್ಪೀಡಲ್ಲಿ, ಅಂದ್ರೆ 1 ಎಂಬಿಪಿಎಸ್. ಒಂದು ಎಪಿಗೆ 50 ಕೂಗು, ಒಂದೇ ಚಾನೆಲಲ್ಲಿ ಇನ್ನೆರಡು ಮೂರು ಎಪಿ ಇದ್ರೆ ಲೆಕ್ಕ ಹಾಕಿ. ಹಾಜರಿ ಕೂಗೋದ್ರಲ್ಲೇ ಪೀರಿಯಡ್ ಮುಗಿದಂಗೆ.

ಐಪಿ ಅಡ್ರೆಸ್, ಅಂದ್ರೆ ನೆಟ್ಟಿಗೆ ಸೇರೋ ಪ್ರತಿ ಫೋನಿಗೂ ಕೊಡೋ ನಂಬರ್, ಇನ್ನೊಂದು ಕಥೆ. ಇಡೀ ಬ್ಲಾಕಿಗೆ ಒಂದು 254 ಅಡ್ರೆಸ್ಸಿನ ರೇಂಜು, ಲೀಸ್ ಟೈಮ್, ಅಂದ್ರೆ ಒಂದ್ಸಲ ಕೊಟ್ಟ ಅಡ್ರೆಸ್ ಹಿಡಿದಿಡೋ ಹೊತ್ತು, 24 ಗಂಟೆ. ಒಬ್ಬೊಬ್ಬ ಹುಡುಗನ ಹತ್ರ ಫೋನು ಲ್ಯಾಪ್‌ಟಾಪು ಎರಡೂ ಇರುತ್ತೆ, ನಿನ್ನೆ ಸಂಜೆ ಬಂದು ಹೋದೋನ ಫೋನಿಗೂ ಅಡ್ರೆಸ್ ಇನ್ನೂ ಹಿಡಿದಿಟ್ಟಿರುತ್ತೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಖಾಲಿ. ರೇಂಜು 1022ಕ್ಕೆ ಏರಿಸಿ ಲೀಸ್ ಎರಡು ಗಂಟೆಗೆ ಇಳಿಸಿದೆ, ಇಪ್ಪತ್ತು ನಿಮಿಷದ ಕೆಲಸ, ಪೈಸೆ ಖರ್ಚಿಲ್ಲ. ಇದನ್ನ ಅವರೇ ಮೊದಲೇ ಮಾಡಬಹುದಿತ್ತು.

ಕೇಬಲ್ ವಿಷಯ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ಮೇಲಿನ ಫ್ಲೋರಿನ ಕೆಲವು ಎಪಿ ಮಧ್ಯಾಹ್ನ ಲೋಡ್ ಜಾಸ್ತಿ ಆದಾಗೆಲ್ಲಾ ಆಫ್ ಆಗಿ ಆನ್ ಆಗ್ತಿತ್ತು. ಎಪಿ ಕೆಟ್ಟಿದೆ ಅಂತ ಬದಲಾಯಿಸಿದ್ರು, ಹೊಸದೂ ಹಂಗೇ. ನಮ್ಮ ಕಾಲೇಜಿನ ಎಲೆಕ್ಟ್ರಿಷಿಯನ್ ಅಣ್ಣ ಉಳಿದಿದ್ದ ತುಂಡು ಕೇಬಲ್ ಎತ್ಕೊಂಡು ಬ್ಲೇಡಲ್ಲಿ ಒಂದು ಎಳೆ ಕೆರೆದು "ಸರ್ ಇಲ್ ನೋಡಿ" ಅಂದ. ಮೇಲಿನ ಕೆಂಪು ಹೋಗಿ ಒಳಗೆ ಬೆಳ್ಳಗೆ ಹೊಳೀತಿತ್ತು. ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಬಾಕ್ಸ್ ಮೇಲೆ ನೆಟ್‌ವರ್ಕ್ ಕೇಬಲಿನ ದರ್ಜೆ ಕ್ಯಾಟ್ 6 ಅಂತ ದಪ್ಪ ಅಕ್ಷರದಲ್ಲಿತ್ತು. ಕ್ಯಾಟ್ 6 ಅಂದ್ರೆ ಒಳಗೆ ಪೂರ್ತಿ ತಾಮ್ರ ಇರ್ಬೇಕು. ಈ ಅಲ್ಯೂಮಿನಿಯಂ ಕೇಬಲಲ್ಲಿ ರೆಸಿಸ್ಟೆನ್ಸ್ ಜಾಸ್ತಿ, ಡೇಟಾ ಹೋಗೋ ಕೇಬಲಲ್ಲೇ ಎಪಿಗೆ ಕರೆಂಟೂ ಹೋಗ್ಬೇಕು, 80 ಮೀಟರ್ ಎಳೆದಾಗ ವೋಲ್ಟೇಜ್ ಬಿದ್ದುಹೋಗುತ್ತೆ, ಕೇಬಲ್ ಬಿಸಿನೂ ಆಗುತ್ತೆ. ಎರಡು ಫ್ಲೋರು ಪೂರ್ತಿ ಕಿತ್ತು ಹೊಸದಾಗಿ ಎಳೆಸ್ಬೇಕಾಯ್ತು, ನಮ್ಮದೇ ದುಡ್ಡಲ್ಲಿ, ಯಾಕಂದ್ರೆ ವರ್ಕ್ ಆರ್ಡರಲ್ಲಿ ಬರೀ "ಕ್ಯಾಟ್ 6 ಕೇಬಲ್" ಅಂತಿತ್ತು, ಶುದ್ಧ ತಾಮ್ರ ಅಂತ ಎಲ್ಲೂ ಬರೆದಿರಲಿಲ್ಲ.

ಹಾಸ್ಟೆಲ್‌ಗೂ ಕರೆಂಟ್ ಹರಿಯದ ಫೈಬರ್ ಬದಲು ಇದೇ ಕೇಬಲ್ಲನ್ನ ಮರದಿಂದ ಮರಕ್ಕೆ ಎಳೆದಿದ್ರು, 100 ಮೀಟರ್ ಮಿತಿನೂ ದಾಟಿತ್ತು. ಭರಣಿ ಮಳೆ ಗುಡುಗು ಸಿಡಿಲು ನಮ್ಮ ಕಡೆ ಹೆಂಗಿರುತ್ತೆ ಅಂತ ಇಲ್ಲಿಯೋರಿಗೆ ಹೇಳ್ಬೇಕಾಗಿಲ್ಲ. ಒಂದೇ ರಾತ್ರಿಗೆ ಎರಡೂ ಕಡೆ ನೆಟ್‌ವರ್ಕ್ ಸ್ವಿಚ್ ಸುಟ್ಟುಹೋಯ್ತು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಬಿಟ್ಟು ಬೇರೆ ಏನೂ ಒಪ್ಕೋಬೇಡಿ.

ಈಗ ಒಂದೊಂದೇ ಸರಿ ಮಾಡ್ತಿದೀವಿ. ಹೊಸ ಎಪಿ ಕೊಂಡಿಲ್ಲ, ಇದ್ದಿದ್ದನ್ನೇ ಕಾರಿಡಾರಿಂದ ಕಿತ್ತು ಕ್ಲಾಸ್ ಒಳಗೆ ಹಾಕ್ತಿದೀವಿ. ಹಾಕೋಕೆ ಮುಂಚೆ ಒಂದು ಎಪಿನ ಉದ್ದ ಕೋಲಿಗೆ ಕಟ್ಟಿ ಅದೇ ಜಾಗದಲ್ಲಿ ನಿಲ್ಲಿಸಿ, ಬಾಗಿಲು ಮುಚ್ಚಿ, ಲಾಸ್ಟ್ ಬೆಂಚಲ್ಲಿ ಕೂತು ಅಳೀತೀವಿ. ಎಸ್‌ಎಸ್‌ಐಡಿ ಎರಡಕ್ಕೆ ಇಳಿಸಿದೀನಿ, ಹಳೇ ನಿಧಾನದ ಸ್ಪೀಡ್ ತೆಗೆದಿದೀನಿ, ಪವರ್ ಇಳಿಸಿದೀನಿ, 2.4 ರೇಡಿಯೋ ಎಷ್ಟೋ ಕಡೆ ಆಫ್. 5 ಗಿಗಾಹರ್ಟ್ಸಲ್ಲಿ ನಮ್ಮ ದೇಶದಲ್ಲಿ 2018ರಲ್ಲಿ 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ದೆ ಬಳಸೋಕೆ ಬಿಟ್ಟಿದಾರೆ, ಒಂದು ಚಾನೆಲ್ಲಿಗೆ 20 ಮೆಗಾಹರ್ಟ್ಸ್ ಅಗಲ ಇಟ್ಕೊಂಡ್ರೆ ಇಪ್ಪತ್ತಕ್ಕೂ ಜಾಸ್ತಿ ಚಾನೆಲ್ ಸಿಗುತ್ತೆ, ಈ ಪುಣ್ಯಾತ್ಮರು ಎಲ್ಲಾ ಕಡೆ 80 ಇಟ್ಟು ಅದನ್ನ ಬೆರಳೆಣಿಕೆಗೆ ತಂದಿಟ್ಟಿದ್ರು.

ನೀವು ಸೈನ್ ಹಾಕೋಕೆ ಮುಂಚೆ ಕೇಬಲ್ ಬಾಕ್ಸ್ ಒಡೆಸಿ ನಿಮ್ಮ ಕೈಯಾರೆ ಒಂದು ಎಳೆ ಕೆರೆದು ನೋಡಿ. ಎಲ್ಲಾ ಎಪಿನೂ ಒಂದೇ ಕಡೆಯಿಂದ ನಡೆಸೋ ಕಂಟ್ರೋಲರಿನ ಲೈಸೆನ್ಸ್ ಎಷ್ಟು ವರ್ಷದ್ದು, ಮುಗಿದ್ಮೇಲೆ ಎಪಿ ನಡೆಯುತ್ತಾ ನಿಲ್ಲುತ್ತಾ ಅಂತ ಬರಹದಲ್ಲಿ ಇಸ್ಕೊಳ್ಳಿ, ಕೆಲವು ಕಂಪನಿದು ನಿಂತೇ ಹೋಗುತ್ತೆ. ನೂರಕ್ಕೆ ಮೂವತ್ತು ಭಾಗ ದುಡ್ಡನ್ನಾದ್ರೂ ಹಿಡಿದಿಟ್ಕೊಳ್ಳಿ, ಕಾಲೇಜು ಶುರುವಾಗಿ ತುಂಬಿದ ಕ್ಲಾಸಲ್ಲಿ ಎಲ್ಲಾ ಮಕ್ಕಳೂ ಒಟ್ಟಿಗೆ ಕ್ವಿಜ್ ಸಬ್ಮಿಟ್ ಮಾಡಿ ತೋರಿಸಿದ ದಿನ ಕೊಡಿ. ನ್ಯಾಕ್ ಆಗ್ಲಿ ಬೇರೆ ಯಾವ ಇನ್‌ಸ್ಪೆಕ್ಷನ್ ಆಗ್ಲಿ, ಅದಕ್ಕೋಸ್ಕರ ಅಂತ ಆತುರ ಮಾಡಿದ್ರೆ ಬಿಲ್ಕುಲ್ ಒಪ್ಕೋಬೇಡಿ.

ನಮ್ಮ ಹಳೇ ವರ್ಕ್ ಆರ್ಡರು, ಈಗ ಹಾಸ್ಟೆಲ್ ಕೆಲಸಕ್ಕೆ ಹೊಸದಾಗಿ ಬರೆದಿರೋ ಷರತ್ತು ಎರಡೂ ನನ್ನ ಹತ್ರ ಇದೆ. ಬೇಕಾದೋರು ಕೇಳಿ, ಹೆಸರೆಲ್ಲಾ ತೆಗೆದು ಕಳಿಸ್ತೀನಿ.