90 ವೋಲ್ಟ್‌ನ ಹಳೆಯ ಮಾದರಿ ಬ್ಯಾಟರಿ: ಪ್ರಯೋಗಾಲಯದ ಬಳಕೆಯ ವಿಮರ್ಶೆ

ಟ್ರಾನ್ಸಿಸ್ಟರ್‌ಗಿಂತ ಹಿಂದಿನ ವಾಲ್ವ್ (ನಿರ್ವಾತ ನಳಿಕೆ) ರೇಡಿಯೊಗಳ ಕಾಲದಲ್ಲಿ ಸಾಮಾನ್ಯವಾಗಿದ್ದ, ತಲಾ 1.5 ವೋಲ್ಟ್‌ನ 60 ಸತು-ಇಂಗಾಲದ ಕೋಶಗಳನ್ನು ಸರಣಿಯಲ್ಲಿ ಜೋಡಿಸಿದ ಬ್ಯಾಟರಿಯನ್ನು ಶಿವಮೊಗ್ಗದ ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಇದರ ದೊಡ್ಡ ಗುಣವೆಂದರೆ ಶುದ್ಧ ನೇರ ವಿದ್ಯುತ್. ಮುಖ್ಯ ಸರಬರಾಜಿನಿಂದ ಪಡೆದ ವಿದ್ಯುತ್ತಿನಲ್ಲಿ ಉಳಿಯಬಹುದಾದ ಏರಿಳಿತ ಇಲ್ಲಿಲ್ಲ. ಭೂಮಿಯ ಸಂಪರ್ಕವೂ ಇಲ್ಲದ ಕಾರಣ ವಿದ್ಯುನ್ಮಂಡಲದ ಯಾವ ಬಿಂದುವನ್ನಾದರೂ ಶೂನ್ಯ ವೋಲ್ಟ್ ಎಂದು ಆರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಕರೆಂಟ್ ಕೈಕೊಡುವ ಮಲೆನಾಡಿನಲ್ಲಿ, ಧಾರಕವು (ವಿದ್ಯುದಾವೇಶವನ್ನು ಕೂಡಿಡುವ ಕೆಪಾಸಿಟರ್) ರೋಧಕದ (ಪ್ರವಾಹವನ್ನು ತಡೆಯುವ ರೆಸಿಸ್ಟರ್) ಮೂಲಕ ನಿಧಾನವಾಗಿ ತುಂಬುವುದನ್ನು ಮಕ್ಕಳಿಗೆ ಅಡೆತಡೆಯಿಲ್ಲದೆ ತೋರಿಸಲು ಇದಕ್ಕಿಂತ ಅನುಕೂಲವಾದುದು ನನಗೆ ಕಾಣಲಿಲ್ಲ.

ಆದರೆ ಇಲ್ಲಿನ ತೇವವೇ ಇದರ ಶತ್ರು. ತುದಿಗಳಲ್ಲಿ ತುಕ್ಕು ಹಿಡಿಯುತ್ತದೆ, ಸತುವಿನ ಹೊರಕವಚ ಸವೆದರೆ ಒಳಗಿನ ದ್ರವ ಸೋರುತ್ತದೆ, ಮತ್ತು ಬಳಸದೆ ಇಟ್ಟರೂ ಶಕ್ತಿ ಕುಂದುತ್ತದೆ. ಆದ್ದರಿಂದ ಹಳೆಯ ದಾಸ್ತಾನನ್ನು ಕೊಳ್ಳುವುದು ದುಡ್ಡು ಕೊಟ್ಟು ಖಾಲಿ ಪೆಟ್ಟಿಗೆ ತಂದಂತೆ.

ಪರ್ಯಾಯವಾಗಿ ಹತ್ತು 9 ವೋಲ್ಟ್‌ನ ಬ್ಯಾಟರಿಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಅದೇ 90 ವೋಲ್ಟ್ ದೊರೆಯುತ್ತದೆ. ಅವು ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಹೊಸ ಆಲ್ಕಲೈನ್ ಬ್ಯಾಟರಿಗಳ ಆಂತರಿಕ ರೋಧ ಕಡಿಮೆಯಿರುವುದರಿಂದ ಈ ಸರಣಿ ಅಪಾಯಕಾರಿ ಪ್ರವಾಹವನ್ನು ಕೊಡಬಲ್ಲದು, ಹಾಗಾಗಿ 100 ಕಿಲೋಓಮ್ ರೋಧಕವನ್ನು ಸರಣಿಯಲ್ಲಿ ಕಾಯಂ ಆಗಿ ಬೆಸೆದು, ಪ್ರವಾಹವನ್ನು 0.9 ಮಿಲಿಆಂಪಿಯರ್‌ಗೆ ಮಿತಿಗೊಳಿಸಿ, ತೆರೆದ ತುದಿಗಳನ್ನು ಮುಚ್ಚಿದ ಮೇಲೆಯೇ ವಿದ್ಯಾರ್ಥಿಗಳ ಕೈಗೆ ಕೊಡಬೇಕು. ಹೊಸದಾಗಿ ಕೊಳ್ಳುವವರಿಗೆ ನನ್ನ ಶಿಫಾರಸು ಈ ಜೋಡಣೆಗೇ.